ಚೀನಾವನ್ನು ಹಿಂದಿಕ್ಕಿದೆವು, ಆದರೆ ಯಾವುದರಲ್ಲಿ?

ಹೆಬ್ಬಾಳ ಎಂದೊಡನೆ ಬೆಂಗಳೂರಿನವರಿಗೆ ನೆನಪಾಗುವುದು ಮೇಲ್ಸೇತುವೆ ಮತ್ತು ಅದರ ಮೇಲೆ ತೆವಳುವ ವಾಹನಗಳ ಸಾಲು. ನಾನು ಹೇಳುತ್ತಿರುವುದು ಮೈಸೂರಿನ ಹೆಬ್ಬಾಳದ ವಿಚಾರ. ಇಲ್ಲಿ ಒಂದು ಕಡೆ ಕೈಗಾರಿಕಾ ಪ್ರದೇಶವಿದೆ, ಇನ್ನೊಂದು ಕಡೆ ಇನ್ಫೊಸಿಸ್‌ನ ವಿಶಾಲವಾದ ತರಬೇತಿ ಆವರಣ. ಇವೆರಡಕ್ಕೂ ಸಮೀಪದಲ್ಲಿ ಒಂದು ಕೆರೆ, ಆಚೀಚೆ ಬಡಾವಣೆಗಳು. ಮೂವತ್ತು ವರ್ಷಕ್ಕೂ ಮೀರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳಿ ನಿವೃತ್ತನಾದ ನಾನು ಈ ಬಡಾವಣೆಗಳಲ್ಲೊಂದರ ನಿವಾಸಿ. ಬೆಳಿಗ್ಗೆ ವಾಕಿಂಗ್ ಹೊರಟರೆ ಎರಡು ಭಾರತಗಳು ಎದುರಾಗುತ್ತವೆ. ಕೊರಳಿಗೆ ಗುರುತಿನ ಚೀಟಿ ತೂಗಿಸಿಕೊಂಡ ಇಪ್ಪತ್ತೆರಡು, ಇಪ್ಪತ್ತಮೂರರ ಯುವಕ ಯುವತಿಯರು ಒಂದು ಕಡೆ. ಮಂಕಿ ಕ್ಯಾಪು, ಊರುಗೋಲುಗಳ ನಮ್ಮಂಥವರು ಇನ್ನೊಂದು ಕಡೆ.

2023ರ ಏಪ್ರಿಲ್‌ನಲ್ಲಿ ಜನಸಂಖ್ಯೆಯಲ್ಲಿ ಭಾರತವು ಚೀನಾವನ್ನು ಮೀರಿಸಿತೆಂಬ ಸುದ್ದಿ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ಬಂತು. ಆ ವರ್ಷದ ಮಧ್ಯಭಾಗಕ್ಕೆ ನಮ್ಮದು 142.86 ಕೋಟಿ, ಅವರದು 142.57 ಕೋಟಿ ಎಂದು ವಿಶ್ವಸಂಸ್ಥೆ ಅಂದಾಜು ಮಾಡಿತ್ತು. ಕೆಲವು ತಿಂಗಳ ಬಳಿಕ ನಮ್ಮ ಹಿಂದಿನ ಬೀದಿಯ ಹುಡುಗಿಯೊಬ್ಬಳು ನೋಟ್‌ಬುಕ್ ಹಿಡಿದು ನಮ್ಮ ಮನೆಗೆ ಬಂದಳು. ಆಗ ಅವಳು ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ. ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆ. 'ಭಾರತವು ಆರ್ಥಿಕವಾಗಿಯೂ ಚೀನಾವನ್ನು ಮೀರಿಸಲಿದೆ' ಎಂಬ ವಿಷಯದ ಪರವಾಗಿ ಅವಳು ಮಾತನಾಡಬೇಕಿತ್ತು.

'ಸರ್, ಪಾಯಿಂಟ್ಸ್ ಹೇಳಿ, ಬರೆದುಕೊಳ್ಳುತ್ತೇನೆ' ಎಂದಳು. ಪುಟದ ನಡುವೆ ಸ್ಕೇಲಿಟ್ಟು ಗೆರೆ ಎಳೆದು, ಎಡಗಡೆ 'ಭಾರತ', ಬಲಗಡೆ 'ಚೀನಾ' ಎಂದು ಆಗಲೇ ಬರೆದು ತಂದಿದ್ದಳು. ಮಧ್ಯಾಹ್ನದ ಕಾಫಿ ಮುಗಿಯುವುದರೊಳಗೆ ಆ ಪುಟ ತುಂಬಬಹುದೆಂದು ನಾನೂ ಎಣಿಸಿದ್ದೆ. ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನಗಳಲ್ಲಿ ಅವಳು ಕಲಿತದ್ದಕ್ಕಿಂತ ನಾನು ಕಲಿತದ್ದೇ ಹೆಚ್ಚು.

ಒಂದೇ ಗೆರೆಯಿಂದ ಹೊರಟವರು

ಮೊದಲು ವರಮಾನದ ಲೆಕ್ಕ. 1990ರಲ್ಲಿ ಅಮೆರಿಕದ ಡಾಲರಿನ ಲೆಕ್ಕದಲ್ಲಿ ಭಾರತೀಯನ ತಲಾ ವರಮಾನ ಚೀನೀಯನದಕ್ಕಿಂತ ತುಸು ಹೆಚ್ಚೇ ಇತ್ತು. ನಮ್ಮದು ಸುಮಾರು 370, ಅವರದು ಸುಮಾರು 320. ಇಂದಿನ ವಿದ್ಯಾರ್ಥಿಗಳಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. 2024ರ ಹೊತ್ತಿಗೆ ಚೀನಾದ ತಲಾ ಆಂತರಿಕ ಉತ್ಪನ್ನ ಹದಿಮೂರು ಸಾವಿರ ಡಾಲರ್ ದಾಟಿತ್ತು. ನಮ್ಮದು ಎರಡು ಸಾವಿರದ ಏಳುನೂರರ ಆಸುಪಾಸಿನಲ್ಲಿತ್ತು. ಒಂದೇ ಗೆರೆಯಿಂದ ಓಟ ಆರಂಭಿಸಿದ ಇಬ್ಬರಲ್ಲಿ ಒಬ್ಬ ಮೂರೂವರೆ ದಶಕದಲ್ಲಿ ಐದು ಪಟ್ಟು ಮುಂದೆ ಹೋಗಿದ್ದಾನೆ.

ಇಂಥ ಹೋಲಿಕೆಗಳಲ್ಲಿ ಮೋಸಗಳೂ ಉಂಟು. ಡಾಲರಿನ ವಿನಿಮಯ ದರ ಬದಲಾದರೆ ಅಂತರವೂ ಬದಲಾಗುತ್ತದೆ. ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ನೋಡಿದರೆ ನಾವು ಇಷ್ಟು ಹಿಂದೆ ಕಾಣುವುದಿಲ್ಲ. ಮೈಸೂರಿನ ಇಡ್ಲಿಯ ಬೆಲೆ ಶಾಂಘೈನ ತಿಂಡಿಯ ಬೆಲೆಯಲ್ಲವಲ್ಲ. ಚೀನಾ ಸರ್ಕಾರದ ಅಂಕಿಅಂಶಗಳನ್ನು ಎಷ್ಟು ನಂಬಬಹುದೆಂಬ ಪ್ರಶ್ನೆಯೂ ಹಳೆಯದೇ. ಆದರೆ ಯಾವ ಅಳತೆಗೋಲು ಹಿಡಿದರೂ ಅಂತರ ಕಿರಿದಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಹುಡುಗಿ ಬರೆದುಕೊಂಡು ಕೇಳಿದಳು: 'ಹಾಗಾದರೆ 1990ರಿಂದ ಈಚೆಗೆ ನಾವು ತಪ್ಪು ಮಾಡಿದೆವಾ ಸರ್?'

ಪ್ರಶ್ನೆ ಸಹಜವಾದದ್ದು, ಆದರೆ ವರ್ಷ ತಪ್ಪು. ಚೀನಾ ಸುಧಾರಣೆಯ ಹಾದಿ ಹಿಡಿದದ್ದು 1978ರಲ್ಲಿ, ನಾವು 1991ರಲ್ಲಿ. ಈ ಹದಿಮೂರು ವರ್ಷಗಳ ಅಂತರವೇ ಎಲ್ಲಕ್ಕೂ ಕಾರಣವೆಂದು ಹೇಳುವ ಪಂಡಿತರಿದ್ದಾರೆ. ನಾನೂ ತರಗತಿಯಲ್ಲಿ ಬಹುಕಾಲ ಹಾಗೆಯೇ ಹೇಳಿದವನು. ಆದರೆ ಸುಧಾರಣೆಗೆ ಮೊದಲೇ ಚೀನಾ ಗಳಿಸಿಟ್ಟಿದ್ದನ್ನು ನೋಡಬೇಕು. 1950ರ ಸುಮಾರಿಗೆ ಎರಡೂ ದೇಶಗಳಲ್ಲಿ ಮನುಷ್ಯನ ಸರಾಸರಿ ಆಯಸ್ಸು ನಲವತ್ತರ ಆಸುಪಾಸಿನಲ್ಲಿತ್ತು. 1980ರ ಹೊತ್ತಿಗೆ ಅವರದು ಅರವತ್ತೈದರ ಸಮೀಪಕ್ಕೆ ಬಂದಿತ್ತು. ನಮ್ಮದು ಐವತ್ತನಾಲ್ಕರ ಆಸುಪಾಸಿನಲ್ಲಿತ್ತು. ನಮ್ಮ 1981ರ ಜನಗಣತಿಯಲ್ಲಿ ಏಳು ವರ್ಷ ಮೀರಿದವರ ಸಾಕ್ಷರತೆ ಶೇ 43.6. ಅದರ ಮರುವರ್ಷದ ಚೀನಾ ಜನಗಣತಿಯಲ್ಲಿ ವಯಸ್ಕರ ಪೈಕಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಜನರಿಗೆ ಅಕ್ಷರ ಬರುತ್ತಿತ್ತು. ಭೂಮಿಯ ಹಂಚಿಕೆ, ಹಳ್ಳಿ ಶಾಲೆ, ಬರಿಗಾಲ ವೈದ್ಯರು, ಹೆಂಗಸರು ಗದ್ದೆ ಕಾರ್ಖಾನೆಗಳಿಗೆ ಬಂದದ್ದು, ಇವೆಲ್ಲ ಮೊದಲು ನಡೆದವು. ಮಾರುಕಟ್ಟೆಯ ಬಾಗಿಲು ತೆರೆದಾಗ ಒಳಗೆ ನುಗ್ಗಲು ಓದುಬರಹ ಬಲ್ಲ, ಆರೋಗ್ಯವಂತರಾದ ಕೋಟ್ಯಂತರ ಜನ ಸಿದ್ಧವಾಗಿದ್ದರು. ನಮ್ಮಲ್ಲಿ ಬಾಗಿಲು ತೆರೆದಾಗ ಹೊಸ್ತಿಲ ಬಳಿ ಇದ್ದವರು ಕೆಲವರು ಮಾತ್ರ.

ಹಾಗೆಂದು ಚೀನಾದ ಕಾಲಂ ಬರಿಯ ಸಾಧನೆಯ ಪಟ್ಟಿಯಲ್ಲ. 1959ರಿಂದ 1961ರವರೆಗಿನ ಮಹಾಕ್ಷಾಮದಲ್ಲಿ ಅಲ್ಲಿ ಸತ್ತವರ ಸಂಖ್ಯೆ ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೂ ಇರಬಹುದೆಂದು ಬೇರೆ ಬೇರೆ ಅಂದಾಜುಗಳಿವೆ. ಪ್ರಶ್ನಿಸುವ ಪತ್ರಿಕೆ ಇರಲಿಲ್ಲ, ಎದ್ದು ನಿಲ್ಲುವ ವಿರೋಧ ಪಕ್ಷ ಇರಲಿಲ್ಲ. ಸ್ವತಂತ್ರ ಭಾರತದಲ್ಲಿ ಅಂಥ ಕ್ಷಾಮ ನಡೆಯದಿರಲು ಪ್ರಜಾಪ್ರಭುತ್ವವೇ ಕಾರಣವೆಂದು ಅಮರ್ತ್ಯ ಸೇನ್ ವಾದಿಸಿದ್ದು ಪ್ರಸಿದ್ಧ. ಆ ವಾದವನ್ನು ನಾವು ಹೆಮ್ಮೆಯಿಂದ ಉಲ್ಲೇಖಿಸುತ್ತೇವೆ. ಆದರೆ ಅವರು ಮತ್ತು ಜ್ಯಾಂ ದ್ರೇಜ್ ಹೇಳಿದ ಇನ್ನರ್ಧ ಮಾತನ್ನು ಬಿಟ್ಟುಬಿಡುತ್ತೇವೆ. ಚೀನಾದ ಮರಣ ಪ್ರಮಾಣ ನಮಗಿಂತ ತೀರಾ ಕಡಿಮೆಯಾಗಿದ್ದುದರಿಂದ, ಆ ಕ್ಷಾಮ ನುಂಗಿದಷ್ಟು ಜನರನ್ನು ಭಾರತದ ದಿನನಿತ್ಯದ ಹಸಿವು ಮತ್ತು ರೋಗ ಪ್ರತಿ ಎಂಟು ವರ್ಷಕ್ಕೊಮ್ಮೆ ಸದ್ದಿಲ್ಲದೆ ನುಂಗುತ್ತಿತ್ತು ಎಂಬುದು ಆ ಅರ್ಧ. ಕ್ಷಾಮದ ಸಾವು ಸುದ್ದಿಯಾಗುತ್ತದೆ. ಕೈಗೂಸಿನ ಬೇಧಿಯ ಸಾವು ಸುದ್ದಿಯಾಗುವುದಿಲ್ಲ. 2020ರಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ ವರ್ಷ ತುಂಬುವ ಮೊದಲೇ ಸತ್ತವು ಚೀನಾದಲ್ಲಿ 5.4, ಭಾರತದಲ್ಲಿ 28, ಕರ್ನಾಟಕದಲ್ಲಿ 19. ಇದೇ ಭಾರತದ ಕೇರಳದಲ್ಲಿ 6. ಆದ್ದರಿಂದ ಇದು ಪ್ರಜಾಪ್ರಭುತ್ವದ ದೋಷವೆನ್ನುವಂತಿಲ್ಲ.

ಎಣಿಸಿ ನೋಡುವ ಹಳೆಯ ಅಭ್ಯಾಸ

ಎರಡನೆಯ ದಿನ ನಾನು ಅವಳಿಗೆ ನಮ್ಮ ಊರಿನ ಕಥೆ ಹೇಳಿದೆ. ಮೈಸೂರು ಸೀಮೆಯಲ್ಲಿ ಮೊದಲ ಸಮಗ್ರ ಜನಗಣತಿ ನಡೆದದ್ದು 1871ರಲ್ಲಿ. ಆಗಿನ ಜನಸಂಖ್ಯೆ 50.55 ಲಕ್ಷ. ಹತ್ತು ವರ್ಷ ಕಳೆದು 1881ರಲ್ಲಿ ಮತ್ತೆ ಎಣಿಸಿದಾಗ ಸಿಕ್ಕಿದ್ದು 41.86 ಲಕ್ಷ. ನಡುವೆ ಬಂದುಹೋದದ್ದು 1876ರಿಂದ 78ರವರೆಗಿನ ಬರಗಾಲ, ಧಾತು ಮತ್ತು ಈಶ್ವರ ಸಂವತ್ಸರಗಳ ಬರ. ಅದೇ ವರ್ಷಗಳಲ್ಲಿ ಉತ್ತರ ಚೀನಾದಲ್ಲೂ ಮಳೆ ಹೋಗಿ, ಅಲ್ಲಿ ಸುಮಾರು ಒಂದು ಕೋಟಿ ಜನ ಸತ್ತರು. ಎರಡು ದೇಶಗಳ ಹೋಲಿಕೆ ಎಂದರೆ ನಮಗೆ ಈಗ ಸ್ಪರ್ಧೆಯೇ ನೆನಪಾಗುತ್ತದೆ. ಒಂದು ಕಾಲಕ್ಕೆ ಒಂದೇ ಬರದಲ್ಲಿ ಇಬ್ಬರೂ ಸತ್ತಿದ್ದೆವು.

ಬಹುಶಃ ಆ ಬರದ ನೆನಪಿನಿಂದಲೋ ಏನೋ, ಮೈಸೂರಿಗೆ ಎಣಿಸುವ ಮತ್ತು ಹೋಲಿಸುವ ಅಭ್ಯಾಸ ಬೇಗನೆ ಬಂತು. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿಬಂದರು. 1920ರಲ್ಲಿ ಅವರು ಭಾರತದ ಪುನರ್ನಿರ್ಮಾಣ ಕುರಿತು ಬರೆದ ಇಂಗ್ಲಿಷ್ ಪುಸ್ತಕದಲ್ಲಿ ಭಾರತವನ್ನು ಜಪಾನ್, ಕೆನಡಾ, ಬ್ರಿಟನ್‌ಗಳ ಪಕ್ಕದಲ್ಲಿಟ್ಟು ಅಂಕಿಅಂಶಗಳೊಂದಿಗೆ ತೂಗಿ ನೋಡಿದರು. ನಮ್ಮ ಹುಡುಗಿ ಸ್ಕೇಲಿನಿಂದ ಎಳೆದ ಗೆರೆಗೆ ಈ ನೆಲದಲ್ಲಿ ನೂರು ವರ್ಷದ ಇತಿಹಾಸವಿದೆ. 1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತು. ಸರ್ಕಾರವೇ ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಅದು ಮೊದಲು ಎನ್ನುತ್ತಾರೆ. 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಜೊತೆಗೂಡಿ ಜನಸಂಖ್ಯೆಯ ಕ್ಷೇತ್ರ ಸಮೀಕ್ಷೆ ನಡೆಸಲು ಆಯ್ದುಕೊಂಡದ್ದೂ ಮೈಸೂರು ರಾಜ್ಯವನ್ನೇ. ಮನೆ ಮನೆಗೆ ಹೋಗಿ, ಎಷ್ಟು ಮಕ್ಕಳು, ಎಷ್ಟು ಉಳಿದವು, ಇನ್ನೆಷ್ಟು ಬೇಕು ಎಂದು ಕೇಳಿದ ಆ ಸಮೀಕ್ಷೆಯ ವರದಿ 1961ರಲ್ಲಿ ಅಚ್ಚಾಯಿತು.

ಅಂಥ ದೇಶದಲ್ಲಿ 2021ರ ಜನಗಣತಿ ನಡೆಯಲೇ ಇಲ್ಲ. ಕೋವಿಡ್ ಕಾರಣವೆಂದರು; ಕೋವಿಡ್ ಹೋಯಿತು, ಜನಗಣತಿ ಬರಲಿಲ್ಲ. 2027ರ ಮಾರ್ಚ್ 1ನ್ನು ಆಧಾರ ದಿನಾಂಕವಾಗಿಟ್ಟು ಗಣತಿ ನಡೆಸುವ ಅಧಿಸೂಚನೆ ಹೊರಬಿದ್ದದ್ದು 2025ರ ಜೂನ್‌ನಲ್ಲಿ. ಚೀನಾ ಅದೇ ಕೋವಿಡ್ ವರ್ಷವಾದ 2020ರಲ್ಲೇ ತನ್ನ ಜನರನ್ನು ಎಣಿಸಿ, 141.18 ಕೋಟಿ ಎಂದು ಘೋಷಿಸಿತು. ನಾವು ಚೀನಾವನ್ನು ಹಿಂದಿಕ್ಕಿದ ಸುದ್ದಿಯೇ ಒಂದು ಅಂದಾಜು; ನಮ್ಮ ಕಾಲಂನಲ್ಲಿ ಎಣಿಸಿದ ಸಂಖ್ಯೆಯೇ ಇರಲಿಲ್ಲ.

ಬಲವಂತ ಬೇಕಿತ್ತೇ?

'ಚೀನಾದವರು ಒಂದೇ ಮಗು ಕಾನೂನು ಮಾಡಿದರು, ನಾವು ಮಾಡಲಿಲ್ಲ, ಅದಕ್ಕೇ ನಾವು ಹಿಂದೆ' ಎಂಬ ಮಾತನ್ನು ಕೆರೆಯ ದಂಡೆಯ ಬೆಂಚುಗಳ ಮೇಲೆ ವಾರಕ್ಕೆರಡು ಸಲವಾದರೂ ಕೇಳುತ್ತೇನೆ. ಅಂಕಿಅಂಶ ಹೇಳುವುದೇ ಬೇರೆ. 1970ರ ಸುಮಾರಿನಲ್ಲಿ ಚೀನಾದ ಹೆಣ್ಣೊಬ್ಬಳಿಗೆ ಸರಾಸರಿ ಐದಾರು ಮಕ್ಕಳು. 1979ರ ಹೊತ್ತಿಗೆ, ಅಂದರೆ ಒಂದೇ ಮಗುವಿನ ನೀತಿ ಬಿಗಿಯಾಗುವ ಮೊದಲೇ, ಅದು ಮೂರಕ್ಕಿಂತ ಕೆಳಗೆ ಬಂದಿತ್ತು. ಹೆಚ್ಚಿನ ಇಳಿಕೆ ಆಗಿಹೋದ ಮೇಲೆ ಬಂದ ಕಾನೂನು ಅದು. 2016ರಲ್ಲಿ ಎರಡು ಮಕ್ಕಳಿಗೆ, 2021ರಲ್ಲಿ ಮೂರು ಮಕ್ಕಳಿಗೆ ಅನುಮತಿ ಕೊಟ್ಟರೂ ಈಗ ಜನ ಹೆರಲು ಒಪ್ಪುತ್ತಿಲ್ಲ. 2022ರಿಂದ ಅವರ ಜನಸಂಖ್ಯೆ ಇಳಿಯತೊಡಗಿತು. ಸರ್ಕಾರ ಹೆರಬೇಡಿ ಎಂದಾಗ ಹೆದರಿಸಿ ನಿಲ್ಲಿಸಬಹುದು. ಹೆರಿ ಎಂದರೆ ಹೆದರಿಸಿ ಹೆರಿಸಲಾಗುವುದಿಲ್ಲ.

ನಾವೂ ಬಲವಂತ ಮಾಡದವರೇನಲ್ಲ. ತುರ್ತುಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಸಂತಾನಶಕ್ತಿಹರಣ ಚಿಕಿತ್ಸೆಗಳು ನಡೆದವು. ಮರುಚುನಾವಣೆಯಲ್ಲಿ ಆ ಸರ್ಕಾರವೇ ಹೋಯಿತು. ಆದರೆ ಕರ್ನಾಟಕವನ್ನು ನೋಡಿ. 1992-93ರ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇಲ್ಲಿನ ಹೆಣ್ಣೊಬ್ಬಳಿಗೆ ಸರಾಸರಿ 2.85 ಮಕ್ಕಳು, ಐದನೆಯ ಸಮೀಕ್ಷೆಯ ಹೊತ್ತಿಗೆ 1.7. ಯಾವ ದಂಡವೂ ಇಲ್ಲದೆ ಜನಸಂಖ್ಯೆ ಸ್ಥಿರವಾಗಿರಲು ಬೇಕಾದ 2.1ಕ್ಕಿಂತ ಕೆಳಗೆ ನಾವು ಇಳಿದಿದ್ದೇವೆ. ಹೆಣ್ಣುಮಕ್ಕಳು ಶಾಲೆಗೆ ಹೋದರು, ಮದುವೆಯ ವಯಸ್ಸು ಮುಂದೆ ಹೋಯಿತು, ಹುಟ್ಟಿದ ಮಗು ಉಳಿಯುತ್ತದೆಂಬ ಧೈರ್ಯ ಬಂತು. ಅಷ್ಟೇ ಸಾಕಾಯಿತು.

ಇಲ್ಲಿ ನಮ್ಮ ಕಾಲಂಗೆ ಗೆಲುವೆಂದು ಹುಡುಗಿ ನಕ್ಷತ್ರದ ಗುರುತು ಹಾಕಿದಳು. ನಾನು ಇನ್ನೊಂದು ಸಾಲು ಸೇರಿಸಲು ಹೇಳಿದೆ. ಹುಟ್ಟಬೇಕಿದ್ದು ಹುಟ್ಟದ, ಬದುಕಬೇಕಿದ್ದು ಬದುಕದ ಹೆಣ್ಣುಗಳ ಲೆಕ್ಕವನ್ನು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2020ರಲ್ಲಿ ಕೊಟ್ಟಿತು. ಜಗತ್ತಿನಲ್ಲಿ 14.26 ಕೋಟಿ, ಅದರಲ್ಲಿ ಚೀನಾದ ಪಾಲು 7.23 ಕೋಟಿ, ನಮ್ಮದು 4.58 ಕೋಟಿ. ಎರಡೇ ದೇಶಗಳು ಸೇರಿ ಪ್ರತಿ ಹತ್ತರಲ್ಲಿ ಎಂಟಕ್ಕೂ ಮಿಕ್ಕು. ಒಂದು ಕಡೆ ಒಂದೇ ಮಗುವಿನ ಕಾನೂನು, ಇನ್ನೊಂದು ಕಡೆ ಕಾನೂನಿಲ್ಲದ ಆಸೆ, ಫಲ ಒಂದೇ. ದೂರದ ಹರಿಯಾಣದ ಮಾತು ಇದು ಎಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಅವಳ ಚರ್ಚಾ ಸ್ಪರ್ಧೆ ಮುಗಿದ ಕೆಲವೇ ತಿಂಗಳಲ್ಲಿ, 2023ರ ನವೆಂಬರ್‌ನಲ್ಲಿ, ಬೆಂಗಳೂರು ಪೊಲೀಸರು ಭ್ರೂಣಹತ್ಯೆಯ ಜಾಲವೊಂದನ್ನು ಬಯಲಿಗೆಳೆದರು. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣದ ಲಿಂಗ ಹೇಳುತ್ತಿದ್ದರು. ಗರ್ಭಪಾತಗಳು ನಡೆಯುತ್ತಿದ್ದುದು ನಮ್ಮ ಮೈಸೂರಿನಲ್ಲೇ ಎಂದು ತನಿಖೆಯಲ್ಲಿ ಹೊರಬಂತು. ಬೆಲ್ಲ ಮಾಡುವ ಜಾಗದಲ್ಲಿ! ಮರುದಿನ ಪತ್ರಿಕೆ ಹಿಡಿದು ಬಂದ ಹುಡುಗಿ ಏನೂ ಮಾತನಾಡದೆ ನೋಟ್‌ಬುಕ್ ತೆರೆದು ಆ ನಕ್ಷತ್ರವನ್ನು ಅಳಿಸಿದಳು.

ಅಮ್ಮ ಯಾವ ಕಾಲಂನಲ್ಲಿ?

ಮೂರನೆಯ ದಿನ ಬಂದದ್ದು ದುಡಿಯುವ ಹೆಣ್ಣುಮಕ್ಕಳ ಲೆಕ್ಕ. ಚೀನಾದಲ್ಲಿ ಹದಿನೈದು ವರ್ಷ ಮೀರಿದ ಪ್ರತಿ ನೂರು ಹೆಣ್ಣುಮಕ್ಕಳಲ್ಲಿ ಸುಮಾರು ಅರವತ್ತು ಮಂದಿ ದುಡಿಮೆಯಲ್ಲಿದ್ದಾರೆ. ಭಾರತದಲ್ಲಿ 2017-18ರ ಕಾರ್ಮಿಕ ಬಲದ ಸಮೀಕ್ಷೆ ಕೊಟ್ಟ ಸಂಖ್ಯೆ ಶೇ 23.3. ಅದು 2023-24ಕ್ಕೆ ಶೇ 41.7ಕ್ಕೆ ಏರಿತು. ಆದರೆ ಏರಿಕೆಯ ಬಹುಭಾಗ ಹಳ್ಳಿಗಳದು, ಸ್ವಂತ ಹೊಲದಲ್ಲಿ ಅಥವಾ ಮನೆಯ ಕಸುಬಿನಲ್ಲಿ ಕೂಲಿಯಿಲ್ಲದೆ ದುಡಿಯುವವರದು. ನಗರಗಳಲ್ಲಿ ಅದು ಆಗಲೂ ಶೇ 28. ಎರಡು ದೇಶಗಳ ವರಮಾನದ ಅಂತರವನ್ನು ವಿವರಿಸಲು ಬಂದರು, ಹೆದ್ದಾರಿ, ರಫ್ತು ಎಂದೆಲ್ಲ ಹೇಳುತ್ತೇವೆ. ನೂರರಲ್ಲಿ ಅರವತ್ತು ಹೆಂಗಸರು ದುಡಿಯುವ ದೇಶಕ್ಕೂ ಇಪ್ಪತ್ತಮೂರು ಮಂದಿ ದುಡಿಯುವ ದೇಶಕ್ಕೂ ವರಮಾನ ಒಂದೇ ಆಗಿರಲು ಹೇಗೆ ಸಾಧ್ಯ?

ಬರೆಯುತ್ತಿದ್ದ ಹುಡುಗಿ ಪೆನ್ನು ನಿಲ್ಲಿಸಿ ಕೇಳಿದಳು: 'ಸರ್, ನಮ್ಮ ಅಮ್ಮ ಇದರಲ್ಲಿ ಬರುತ್ತಾರಾ?'

ಅವಳ ಅಮ್ಮ ನಮ್ಮ ಕೈಗಾರಿಕಾ ಪ್ರದೇಶದ ಗಾರ್ಮೆಂಟ್ಸ್ ಒಂದರಲ್ಲಿ ಒಂಬತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವರು. ಅತ್ತೆ ಹಾಸಿಗೆ ಹಿಡಿದಾಗ ಕೆಲಸ ಬಿಟ್ಟರು. ಈಗ ಮನೆಯಲ್ಲೇ ಸೀರೆಗೆ ಫಾಲ್ ಹಾಕುತ್ತಾರೆ, ಕುಚ್ಚು ಕಟ್ಟುತ್ತಾರೆ, ರವಿಕೆ ಹೊಲಿಯುತ್ತಾರೆ. ಸಮೀಕ್ಷೆಯ ನಿಯಮದ ಪ್ರಕಾರ ಅವರು ಸ್ವಯಂ ಉದ್ಯೋಗಿ, ಲೆಕ್ಕಕ್ಕೆ ಬರಬೇಕು. ಆದರೆ ಬಾಗಿಲಿಗೆ ಬಂದ ಸಮೀಕ್ಷಕನಿಗೆ ಉತ್ತರ ಹೇಳುವವರು ಯಾರು? 'ಅಪ್ಪ ಹೇಳೋದು, ಇವಳು ಮನೇಲೇ ಇರ್ತಾಳೆ ಅಂತ' ಎಂದು ಹುಡುಗಿ ನಕ್ಕಳು. ಇನ್ನು ಅಜ್ಜಿಯ ಮೈ ಒರೆಸಿ, ಮಗ್ಗುಲು ಬದಲಿಸಿ, ಗಂಜಿ ಕುಡಿಸುವ ಕೆಲಸ ಯಾವ ಲೆಕ್ಕಕ್ಕೂ ಬರುವುದಿಲ್ಲ. 2011ರ ಜನಗಣತಿಯ ನಮೂನೆಯಲ್ಲಿ ಮನೆಗೆಲಸದವರನ್ನು ಬರೆದುಕೊಂಡದ್ದು ಆರ್ಥಿಕ ಚಟುವಟಿಕೆ ಇಲ್ಲದವರ ಪಟ್ಟಿಯಲ್ಲಿ. ಅದೇ ಪಟ್ಟಿಯಲ್ಲಿ ವಿದ್ಯಾರ್ಥಿ, ಅವಲಂಬಿತ, ಪಿಂಚಣಿದಾರ ಮತ್ತು ಭಿಕ್ಷುಕ ಸೇರಿದ್ದರು. 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಭಾರತೀಯ ಹೆಂಗಸು ದಿನಕ್ಕೆ ಅದಕ್ಕಾಗಿ ವ್ಯಯಿಸುವುದು ಸರಾಸರಿ 299 ನಿಮಿಷ. ಗಂಡಸು 97 ನಿಮಿಷ. ಗಂಡಸರಲ್ಲಿ ಮನೆಗೆಲಸಕ್ಕೆ ಕೈಹಾಕುವವರ ಸಂಖ್ಯೆಯೇ ಕಡಿಮೆ ಎಂಬುದು ಬೇರೆ ಮಾತು.

ರಾಷ್ಟ್ರೀಯ ವರಮಾನದ ಪಾಠ ಹೇಳುವಾಗ ನಾನು ಪ್ರತಿ ವರ್ಷ ಪಿಗೂ ಎಂಬ ಬ್ರಿಟಿಷ್ ಅರ್ಥಶಾಸ್ತ್ರಜ್ಞನ ಪ್ರಸಿದ್ಧ ಉದಾಹರಣೆ ಕೊಡುತ್ತಿದ್ದೆ. ಒಬ್ಬಾತ ತನ್ನ ಮನೆಗೆಲಸದವಳನ್ನೇ ಮದುವೆಯಾದರೆ ದೇಶದ ವರಮಾನ ಕಡಿಮೆಯಾಗುತ್ತದೆ. ಕೆಲಸ ಅದೇ, ಆದರೆ ಸಂಬಳ ನಿಂತುಹೋಯಿತು. ಹುಡುಗರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಅಂದು ಅದೇ ಉದಾಹರಣೆಯನ್ನು ಹುಡುಗಿಗೆ ಹೇಳುವಾಗ ಅಡುಗೆಮನೆಯಿಂದ ಕಾಫಿ ತಂದ ನನ್ನ ಹೆಂಡತಿ ಲೋಟ ಇಟ್ಟು ಶಾಂತವಾಗಿ ಹೇಳಿದಳು: 'ಪಾಠಕ್ಕೆ ಅಷ್ಟು ದೂರ ಯಾಕೆ ಹೋಗ್ತೀರಿ?'

ಅವಳು ಬಿ.ಎಸ್ಸಿ. ಓದಿದವಳು. ಮದುವೆಯಾದಾಗ ಪ್ರಯೋಗಾಲಯವೊಂದರಲ್ಲಿ ಕೆಲಸದಲ್ಲಿದ್ದಳು. ಆಗಿನ ಅವಳ ಸಂಬಳಕ್ಕೂ ನನ್ನ ಸಂಬಳಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. 1987ರಲ್ಲಿ ಎರಡನೆಯ ಮಗು ಹುಟ್ಟಿ, ನನ್ನ ತಾಯಿಗೆ ಪಾರ್ಶ್ವವಾಯು ಬಡಿದಾಗ ಅವಳು ರಾಜೀನಾಮೆ ಕೊಟ್ಟಳು. ಯಾರೂ ಬಲವಂತ ಮಾಡಲಿಲ್ಲವೆಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಮಾಡಬೇಡ ಎಂದೂ ನಾನು ಹೇಳಲಿಲ್ಲ. ಅಮ್ಮ ಅನಂತರ ಹನ್ನೊಂದು ವರ್ಷ ಬದುಕಿದರು. ಆ ಹನ್ನೊಂದು ವರ್ಷ ನಾನು ಪ್ರತಿದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ, ಭಾರತದ ಹಿಂದುಳಿದಿರುವಿಕೆಯ ಕಾರಣಗಳನ್ನು ಬರೆಸಿ ಬಂದೆ. ಈಗ ನನಗೆ ಪಿಂಚಣಿ ಬರುತ್ತದೆ. ಅವಳಿಗೆ ಬರುವುದಿಲ್ಲ.

ಸಿರಿಗಿಂತ ಮೊದಲು ಮುಪ್ಪು

ನಾಲ್ಕನೆಯ ದಿನದ ಕೊನೆಯ ಸಾಲು, ಮುಪ್ಪು. ಭಾರತದ ಮಧ್ಯಮ ವಯಸ್ಸು 28ರ ಆಸುಪಾಸು, ಚೀನಾದ್ದು ನಲವತ್ತರ ಸಮೀಪ. ದುಡಿಯುವ ವಯಸ್ಸಿನವರ ಸಂಖ್ಯೆ ಚೀನಾದಲ್ಲಿ 2012ರಿಂದಲೇ ಇಳಿಯುತ್ತಿದೆ. 2024ರ ಕೊನೆಗೆ ಅಲ್ಲಿ ಅರವತ್ತು ದಾಟಿದವರು ಶೇ 22. ಸಂಖ್ಯೆಯಲ್ಲಿ ಮೂವತ್ತೊಂದು ಕೋಟಿ. 2025ರ ಜನವರಿಯಿಂದ ಅವರು ನಿವೃತ್ತಿ ವಯಸ್ಸನ್ನು ಹಂತ ಹಂತವಾಗಿ ಏರಿಸತೊಡಗಿದರು. ಅರವತ್ತೈದು ದಾಟಿದವರು ಶೇ 14ಕ್ಕೆ ಏರಿದಾಗ ಜಪಾನಿನ ತಲಾ ವರಮಾನ ನಲವತ್ತು ಸಾವಿರ ಡಾಲರಿನ ಆಸುಪಾಸಿನಲ್ಲಿತ್ತು; ಅದೇ ಹಂತ ತಲುಪಿದಾಗ ಚೀನಾದ್ದು ಹನ್ನೆರಡೂವರೆ ಸಾವಿರ. ಸಿರಿವಂತರಾಗುವ ಮೊದಲೇ ಮುದುಕರಾದೆವೆಂದು ಅವರೇ ಹೇಳಿಕೊಳ್ಳುತ್ತಾರೆ.

ನಾವು ಯುವಕರ ದೇಶವೆಂದು ಬೀಗುವುದು ಇಲ್ಲಿಯೇ. ಆದರೆ ಭಾರತವೆಂಬುದು ಒಂದೇ ಕಾಲಂ ಅಲ್ಲ. 2011ರಲ್ಲೇ 6.11 ಕೋಟಿ ಜನರಿದ್ದ ಕರ್ನಾಟಕ ಇಟಲಿಯಷ್ಟು ದೊಡ್ಡ ದೇಶ. ಅದರ ಯೌವನ ಉತ್ತರಪ್ರದೇಶದ, ಬಿಹಾರದ ಯೌವನವಲ್ಲ. 2021ಕ್ಕೆ ಇಲ್ಲಿ ಅರವತ್ತು ದಾಟಿದವರು ಸುಮಾರು ಶೇ 11.5 ಎಂದು ಅಂದಾಜಿಸಲಾಗಿತ್ತು. ಫಲವತ್ತತೆಯ ದರ 1.7ಕ್ಕೆ ಬಂದ ಮೇಲೆ ಆ ಪ್ರಮಾಣ ಏರುವುದೊಂದೇ ದಾರಿ. ಕರ್ನಾಟಕದೊಳಗೂ ಕಾಲಂಗಳಿವೆ. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನು ಹಿಡಿದು ಅಳೆದು, 2002ರಲ್ಲಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದಿತು. ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದಕ್ಕೂ ಹೆಚ್ಚು ಪಾಲು ಬೆಂಗಳೂರು ನಗರ ಜಿಲ್ಲೆಯೊಂದರದೇ. ತಲಾ ವರಮಾನದಲ್ಲಿ ಬೆಂಗಳೂರಿಗೂ ಕಲಬುರಗಿಗೂ ಇರುವ ಅಂತರ ಚೀನಾಕ್ಕೂ ಭಾರತಕ್ಕೂ ಇರುವ ಅಂತರವನ್ನೇ ನೆನಪಿಸುತ್ತದೆ.

ಕೆರೆಯ ದಂಡೆಯ ನಮ್ಮ ಬೆಂಚಿಗೆ ಬರುವವರಲ್ಲಿ ಒಬ್ಬರು ಖಾಸಗಿ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಲೇತ್ ನಡೆಸಿದವರು. ನೌಕರರ ಪಿಂಚಣಿ ಯೋಜನೆಯಡಿ ಅವರಿಗೆ ತಿಂಗಳಿಗೆ ಬರುವುದು ಎರಡು ಸಾವಿರ ರೂಪಾಯಿಗೂ ಕಡಿಮೆ. ಆ ಯೋಜನೆಯ ಕನಿಷ್ಠ ಪಿಂಚಣಿ 2014ರಲ್ಲಿ ನಿಗದಿಯಾದದ್ದು ಒಂದು ಸಾವಿರ ರೂಪಾಯಿ. ಅದೂ ಇಲ್ಲದ ವೃದ್ಧರಿಗಿರುವ ರಾಜ್ಯದ ಸಂಧ್ಯಾ ಸುರಕ್ಷಾ 2021ರಲ್ಲಿ ಏರಿದ್ದು 1,200ಕ್ಕೆ. 'ರಕ್ತದೊತ್ತಡದ ಮಾತ್ರೆ, ಸಕ್ಕರೆ ಮಾತ್ರೆ, ಅಲ್ಲಿಗೆ ಮುಗೀತು ಮೇಷ್ಟ್ರೇ' ಎನ್ನುತ್ತಾರೆ ಆತ. ಅವರ ಉಳಿದ ಪಿಂಚಣಿ ಯೋಜನೆಯ ಹೆಸರು ಸೊಸೆ. ಎರಡೂ ದೇಶಗಳಲ್ಲಿ ಮುದುಕರನ್ನು ಸಾಕುತ್ತಿರುವುದು ಖಜಾನೆಗಿಂತ ಹೆಚ್ಚಾಗಿ ಮನೆಯ ಹೆಣ್ಣು. ಚೀನಾದ ಒಂಟಿ ಮಗಳು ತಂದೆತಾಯಿ ಮತ್ತು ಅಜ್ಜ ಅಜ್ಜಿಯರ ಭಾರ ಹೊತ್ತಿದ್ದಾಳೆ. ನಮ್ಮ ಹಿಂದಿನ ಬೀದಿಯ ಹುಡುಗಿಯೂ ಒಬ್ಬಳೇ ಮಗಳು.

ಹೆಣ್ಣು ಹೊರಗೆ ದುಡಿಯಬೇಕು ಎನ್ನುವುದು ಸುಲಭ. ಅವಳು ಹೊರಟ ಮನೆಯಲ್ಲಿ ಕೂಸನ್ನು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು ಯಾರೆಂಬುದು ಅರ್ಥಶಾಸ್ತ್ರದ ಪ್ರಶ್ನೆಯೇ. ಚೀನಾದ ಸರ್ಕಾರಿ ಕಾರ್ಖಾನೆಗಳು ಒಂದು ಕಾಲಕ್ಕೆ ತಮ್ಮ ಅಂಗಳದಲ್ಲೇ ಶಿಶುವಿಹಾರ ನಡೆಸುತ್ತಿದ್ದವು. ಸುಧಾರಣೆಯ ಭರದಲ್ಲಿ ಅವನ್ನು ಮುಚ್ಚಿ, ಈಗ ಮಕ್ಕಳೇ ಹುಟ್ಟುತ್ತಿಲ್ಲವೆಂದು ಪೇಚಾಡುತ್ತಿವೆ. ನಮ್ಮಲ್ಲಿ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಆರಂಭವಾದವು. ಅದೇ ವರ್ಷ ಬಸ್ ಪ್ರಯಾಣ ಹೆಣ್ಣುಮಕ್ಕಳಿಗೆ ಉಚಿತವಾಯಿತು. ಮನೆಯೊಡತಿಗೆ ತಿಂಗಳಿಗೆ ಎರಡು ಸಾವಿರ ಕೊಡುವ ಗೃಹಲಕ್ಷ್ಮಿಗೆ ಚಾಲನೆ ದೊರೆತದ್ದು ನಮ್ಮ ಮೈಸೂರಿನಲ್ಲೇ, ಆಗಸ್ಟ್ 30ರಂದು. ಇವುಗಳ ರಾಜಕೀಯವನ್ನು ಬೇರೆಯವರು ಚರ್ಚಿಸಲಿ. ಆದರೆ ಹಳ್ಳಿಗೆ ಬಂದ ಕೂಸಿನ ಮನೆ ನಗರದ ಕೈಗಾರಿಕಾ ಪ್ರದೇಶಗಳಿಗೆ ಏಕೆ ಬೇಡ? ಹಾಸಿಗೆ ಹಿಡಿದ ವೃದ್ಧರಿಗೆ ಹಗಲು ಹೊತ್ತಿನ ಆರೈಕೆ ಕೇಂದ್ರಗಳು ಬಡಾವಣೆಗೊಂದರಂತೆ ಏಕಿರಬಾರದು? ಪ್ರತಿ ಬಡಾವಣೆಗೂ ಉದ್ಯಾನವನ್ನು ನಕ್ಷೆಯಲ್ಲೇ ಗುರುತಿಸುತ್ತೇವೆ. ಮುಪ್ಪಿಗೊಂದು ನಿವೇಶನ ಗುರುತಿಸಲು ಇನ್ನೂ ಕಾಲವಿದೆ. ಚೀನಾಕ್ಕೆ ಸಿಗದಿದ್ದ ಒಂದೆರಡು ದಶಕಗಳ ಕಾಲ. ನಿಜವಾಗಿ ನಾವು ಚೀನಾದಿಂದ ಕಲಿಯಬೇಕಾದ ಪಾಠವಿದ್ದರೆ ಅದು ಇದು.

ಚರ್ಚಾ ಸ್ಪರ್ಧೆಯಲ್ಲಿ ಹುಡುಗಿಗೆ ಬಹುಮಾನ ಬರಲಿಲ್ಲ. ಪರ ಮಾತನಾಡಬೇಕಾದವಳು ಪರವೂ ಅಲ್ಲ, ವಿರೋಧವೂ ಅಲ್ಲ ಎಂದು ತೀರ್ಪುಗಾರರು ಅಂಕ ಕಳೆದರಂತೆ. ಅನಂತರ ಅವಳು ಬಿ.ಕಾಂ. ಸೇರಿದಳು. ಪದವಿಯ ಕೊನೆಯ ವರ್ಷಕ್ಕೆ ಬರುತ್ತಿದ್ದಂತೆ ಮನೆಯಲ್ಲಿ ಗಂಡು ನೋಡುವ ಮಾತು ಶುರುವಾಯಿತು. ಬೇಡವೆಂದು ಪಟ್ಟುಹಿಡಿದವರು ಅವಳ ಅಮ್ಮ. 'ಅವಳು ಮೊದಲು ಕೆಲಸಕ್ಕೆ ಸೇರಲಿ, ಅತ್ತೆಯನ್ನು ನೋಡಿಕೊಳ್ಳಲು ನಾನಿದ್ದೇನಲ್ಲ' ಎಂದರಂತೆ. ಮುಂದಿನ ಸಮೀಕ್ಷೆಯಲ್ಲಿ ಒಂದು ಹೆಣ್ಣು ದುಡಿಯುವವರ ಪಟ್ಟಿಗೆ ಸೇರುತ್ತದೆ. ಅದನ್ನು ಸೇರಿಸಿದ ಇನ್ನೊಂದು ಹೆಣ್ಣು ಹೊರಗೇ ಉಳಿಯುತ್ತದೆ.

ಜನಗಣತಿಯವರು ನಮ್ಮ ಮನೆಗೆ ಬಂದಾಗ ಉತ್ತರ ಹೇಳುವವಳು ನನ್ನ ಹೆಂಡತಿಯೇ ಆಗಬೇಕೆಂದು ತೀರ್ಮಾನಿಸಿದ್ದೇನೆ. ಮೊನ್ನೆ ಅವಳಿಗೆ ಹೇಳಿಯೂ ಬಿಟ್ಟೆ. ಬಟ್ಟೆ ಮಡಚುತ್ತಿದ್ದವಳು ತಲೆಯೆತ್ತಿ ಕೇಳಿದಳು: 'ಉದ್ಯೋಗ ಅಂತ ಕೇಳಿದರೆ ಏನು ಬರೆಸಲಿ?'

ನಾನು ಇನ್ನೂ ಯೋಚಿಸುತ್ತಿದ್ದೇನೆ.